ಅಮೆರಿಕದಲ್ಲಿ ಕೋವಿಡ್ ಬಂದರೆ ವಿಮೆ ಸಾಕೇ?

ಪ್ರಶ್ನೆ: ಅಪ್ಪ-ಅಮ್ಮ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದಾರೆ. ಅಪ್ಪನಿಗೆ ಬಿಪಿ, ಕೊಲೆಸ್ಟರಾಲ್ ಇದೆ. ಅಲ್ಲಿ ಕೋವಿಡ್ ಪಾಸಿಟಿವ್ ಬಂದರೆ?

ಉತ್ತರ: ವಿಮೆಯ ಒಟ್ಟು ಮೊತ್ತವೊಂದನ್ನೇ ನೋಡಿ ಸಮಾಧಾನಪಡಬೇಡಿ. ಅಗ್ಗದ ‘ಫಿಕ್ಸೆಡ್ ಬೆನಿಫಿಟ್’ ಪಾಲಿಸಿಗಳು ಐಸಿಯುಗೆ ದಿನಕ್ಕಿಷ್ಟು, ಎಕ್ಸ್‌ರೇಗಿಷ್ಟು ಎಂದು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಮಿಕ್ಕ ಬಿಲ್ಲು ನಿಮ್ಮ ತಲೆಗೇ. ಒಟ್ಟು ಮಿತಿಯೊಳಗೆ ಬಿಲ್ಲಿನ ಬಹುಪಾಲು ಭರಿಸುವ ‘ಕಾಂಪ್ರಹೆನ್ಸಿವ್’ ಪಾಲಿಸಿಯೇ ಲೇಸು. ಹಳೆಯ ಕಾಯಿಲೆಗಳನ್ನು ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರವಾಗುವುದೇ ಅಲ್ಲಿ. ಟಿಕೆಟ್ ಮುಂದೂಡುವ ಖರ್ಚು ವೈದ್ಯಕೀಯ ವಿಮೆಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ದಿನಾಂಕ ಬದಲಿಸಬಹುದಾದ ಟಿಕೆಟ್ ಕೊಳ್ಳಿ.

ಪ್ಯಾಕ್ಸ್‌ಲೋವಿಡ್ ಎಂಬ ಕೋವಿಡ್ ಮಾತ್ರೆಯನ್ನು ರೋಗಲಕ್ಷಣ ಕಂಡ 5 ದಿನದೊಳಗೆ ಶುರುಮಾಡಬೇಕು. ಕೊಲೆಸ್ಟರಾಲ್ ಔಷಧ ಸಿಮ್ವಾಸ್ಟಾಟಿನ್ ಜೊತೆ ಅದನ್ನು ಕೊಡುವಂತಿಲ್ಲ. ಕೊಲೆಸ್ಟರಾಲ್‌ನದೇ ಅಟೋರ್ವಾಸ್ಟಾಟಿನ್, ಬಿಪಿಯ ಆಮ್ಲೋಡಿಪಿನ್ ಇದ್ದರೂ ವೈದ್ಯರು ಬದಲಾವಣೆ ಸೂಚಿಸಬಹುದು. ನಮ್ಮ ಬ್ರಾಂಡ್ ಹೆಸರು ಅಲ್ಲಿನವರಿಗೆ ತಿಳಿಯದು. ಹಾಗಾಗಿ ಔಷಧಗಳ ಜೆನೆರಿಕ್ (ಮೂಲ ಔಷಧದ) ಹೆಸರು, ಮಿಲಿಗ್ರಾಂ, ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ವರದಿ ಅಪ್ಪನ ಕೈಚೀಲದಲ್ಲೇ ಇರಲಿ.