ಬೀಗ ಒಡೆದು ಮೀಟರ್ ಕಿತ್ತರು, ಸಾಲ ನಮ್ಮದಲ್ಲ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಬಾಡಿಗೆ ಫ್ಲ್ಯಾಟ್. ಮಾರ್ಚ್‌ನಲ್ಲಿ ಬಂದೆವು. ಅಕ್ಕನ ಮಗಳ ಮದುವೆಗೆ ಹಾಸನಕ್ಕೆ ಹೋಗಿ ಮೂರು ವಾರದ ಮೇಲೆ ವಾಪಸ್ ಬಂದರೆ ಬಾಗಿಲಿಗೆ ಬೇರೆಯದೇ ಬೀಗ. ಹೊಸ ಕೀಲಿ ಎಲ್ಲಿ ಸಿಗುತ್ತದೆ ಅಂತ ಒಂದು ಚೀಟಿ ಅಂಟಿಸಿದ್ದರು. ಕರೆಂಟ್ ಕಂಪನಿಯವರು ಕೋರ್ಟ್ ವಾರಂಟ್ ತಂದು ಒಳಗೆ ಬಂದು, ಇದ್ದ ಮೀಟರ್ ಕಿತ್ತು ಪ್ರಿಪೇಮೆಂಟ್ ಮೀಟರ್ (ಮೊದಲೇ ದುಡ್ಡು ತುಂಬಿದರೆ ಮಾತ್ರ ಕರೆಂಟ್ ಬರುವಂಥದ್ದು) ಕೂರಿಸಿದ್ದಾರೆ. ದುಡ್ಡು ಮುಗಿದು ಫ್ರಿಜ್ ನಿಂತು ಒಳಗಿದ್ದದ್ದೆಲ್ಲ ಹಾಳು. ಮೀಟರ್‌ನಲ್ಲಿ 840 ಪೌಂಡ್ ಸಾಲ ತೋರಿಸುತ್ತಿದೆ, ಅದು ಹಿಂದಿನ ಬಾಡಿಗೆಯವರದು. ಅವರ ಹೆಸರಿಗೆ ಬಂದ ಪತ್ರಗಳನ್ನು ನಾವು ತೆರೆಯದೆ ಪಕ್ಕಕ್ಕಿಟ್ಟಿದ್ದೆವು. ಫೋನ್ ಮಾಡಿದರೆ 'ಮೊದಲು ಕಟ್ಟಿ, ಆಮೇಲೆ ನೋಡೋಣ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಟ್ಟಬೇಡಿ. ಪೀಡೆ ತೊಲಗಲಿ ಅಂತ ಸುಮ್ನೆ ಕಟ್ಟಿಬಿಟ್ಟರೆ ಆ ದುಡ್ಡು ವಾಪಸ್ ಪಡೆಯೋದು ಕಷ್ಟ. ಹಿಂದಿನವರ ಬಾಕಿ ನಿಮ್ಮದಲ್ಲ. ನೀವು ಮನೆಗೆ ಬಂದ ದಿನದಿಂದ ಉರಿಸಿದ್ದು ಮಾತ್ರ ನಿಮ್ಮದು, ನಿಮ್ಮ ಹೆಸರಲ್ಲಿ ಖಾತೆ ಇರಲಿ, ಇಲ್ಲದಿರಲಿ. ಖಾತೆ ಮಾಡಿಸಿದ್ದಿರೋ ಇಲ್ಲವೋ ನೀವು ಬರೆದಿಲ್ಲ. ಮಾಡಿಸಿರದಿದ್ದರೆ ಅದನ್ನು ಮುಚ್ಚಿಡಬೇಡಿ, ಮಾರ್ಚ್‌ನಿಂದ ಲೆಕ್ಕ ಕೊಡಿ ಅಂತ ನೀವೇ ಕೇಳಿ.

ಇವತ್ತೇ ಮಾಡಬೇಕಾದ್ದು ಒಂದಿದೆ. ಸಾಲ ಮೀಟರ್‌ನೊಳಗೇ ಕೂತಿದ್ದರೆ ನೀವು ಟಾಪ್ ಅಪ್ ಮಾಡಿದಾಗೆಲ್ಲ ಅದರಿಂದ ಒಂದಿಷ್ಟು ಹಳೇ ಬಾಕಿಗೆ ಹೋಗುತ್ತಿರುತ್ತದೆ. ಬಾಡಿಗೆ ಕರಾರು, ಬಂದ ದಿನದ ರೀಡಿಂಗ್, ಈಗಿನ ಮೀಟರ್‌ನ ಫೋಟೋ ಕಳಿಸಿ, ಸಾಲ ಅಳಿಸಿ ಮೀಟರ್ ರೀಸೆಟ್ ಮಾಡಿ, ಕಡಿತವಾದದ್ದನ್ನು ವಾಪಸ್ ಕೊಡಿ ಅಂತ ಬರೆಯಿರಿ. ಬರೆಯಿರಿ ಅಂದೆ, ಫೋನ್‌ನಲ್ಲಿ ಹೇಳಬೇಡಿ. ಟಾಪ್ ಅಪ್ ರಸೀದಿ ಒಂದನ್ನೂ ಬಿಸಾಡಬೇಡಿ.

ಇನ್ನು ವಾರಂಟ್. 1954ರ ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡಿಯೇ ಇದನ್ನು ಪಡೆಯಬೇಕು. ಆದರೆ ಕೋರ್ಟ್‌ಗಳು ನೂರಾರು ಅರ್ಜಿಗಳನ್ನು ಒಟ್ಟಿಗೆ ಕೆಲವೇ ನಿಮಿಷದಲ್ಲಿ ಮುಗಿಸುತ್ತಿದ್ದವು. ನಮ್ಮಲ್ಲಿ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವುದಕ್ಕೂ 15 ದಿನದ ಲಿಖಿತ ನೋಟಿಸ್ ಬೇಕು, ಅಲ್ಲಿ ಬೀಗ ಒಡೆಯೋದು ಅಷ್ಟು ಸಲೀಸಾಗಿಹೋಗಿತ್ತು! 2023ರ ಫೆಬ್ರವರಿಯಲ್ಲಿ ಗಲಾಟೆಯಾಗಿ ಇದೆಲ್ಲ ಸ್ವಲ್ಪ ಕಾಲ ನಿಂತಿತು. ಆಮೇಲೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಬಿಗಿ ನಿಯಮ ತಂದಿತು: ಬಲವಂತವಾಗಿ ಪ್ರಿಪೇಮೆಂಟ್ ಮೀಟರ್ ಹಾಕುವ ಮೊದಲು ಕನಿಷ್ಠ 10 ಸಲ ಗ್ರಾಹಕರನ್ನು ಸಂಪರ್ಕಿಸಲು ಪ್ರಯತ್ನಿಸಬೇಕು, ಮನೆಗೆ ಬಂದು ಅಲ್ಲಿರುವವರ ಪರಿಸ್ಥಿತಿ ನೋಡಬೇಕು, ಮೀಟರ್ ಹಾಕುವಾಗ ಕ್ಯಾಮೆರಾ ಅಥವಾ ಧ್ವನಿ ರೆಕಾರ್ಡಿಂಗ್ ಇರಬೇಕು.

ನಿಮ್ಮ ಕೇಸ್ ನಿಂತಿರೋದು ಇಲ್ಲೇ. ಆ ಹತ್ತೂ ಪ್ರಯತ್ನ ಯಾರ ಹೆಸರಿಗೆ, ಯಾವ ನಂಬರಿಗೆ? ವಾರಂಟ್ ಪ್ರತಿ, ಸಂಪರ್ಕದ ದಾಖಲೆ, ಮನೆ ಭೇಟಿಯ ವರದಿ, ರೆಕಾರ್ಡಿಂಗ್ ಎಲ್ಲ ಕೊಡಿ ಅಂತ ಕೇಳಿ. ನಿಮ್ಮ ಬಗ್ಗೆ ಅವರ ಬಳಿ ಇರುವ ಮಾಹಿತಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಹೊಸ ಬಾಡಿಗೆಯವರು ಬಂದಿದ್ದಾರೆ ಅನ್ನೋದೇ ಗೊತ್ತಿಲ್ಲದೆ ಪ್ರಮಾಣ ಮಾಡಿದ್ದಾರೆ ಅಂತ ಅದರಲ್ಲೇ ಕಂಡರೆ ನಿಮಗೆ ಜಾಸ್ತಿ ವಾದ ಮಾಡೋ ಕೆಲಸವಿಲ್ಲ.

'ಇದು ದೂರು' ಅಂತ ಪತ್ರದ ಮೇಲೇ ಹಾಕಿ. 8 ವಾರದಲ್ಲಿ ಬಗೆಹರಿಯದಿದ್ದರೆ, ಅಥವಾ ಇನ್ನು ನಮ್ಮ ಕೈಲಾಗಲ್ಲ ಅಂತ ಅವರೇ ಬರೆದುಕೊಟ್ಟರೆ, ಕರೆಂಟ್, ಗ್ಯಾಸ್ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಎನರ್ಜಿ ಒಂಬುಡ್ಸ್‌ಮನ್‌ಗೆ ಹೋಗಿ. ಖರ್ಚಿಲ್ಲ. ಅವರ ತೀರ್ಮಾನವನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಹಳೇ ಮೀಟರ್ ಥರದ್ದೇ ವಾಪಸ್, ವಾರಂಟ್ ಖರ್ಚು ಹಾಕಿದ್ದರೆ ಅದರ ರದ್ದು, ಬಾಗಿಲಿಗಾದ ಹಾನಿ, ಫ್ರಿಜ್‌ನಲ್ಲಿ ಕೆಟ್ಟದ್ದು, ಇಷ್ಟನ್ನೂ ಸಾಮಾನಿನ ಚೀಟಿ ಬರೆದ ಹಾಗೆ ಬರೆದು ಎದುರಿಗೆ ಬೆಲೆ ಹಾಕಿ.

ಪಕ್ಕಕ್ಕಿಟ್ಟ ಆ ಲಕೋಟೆಗಳು ಇನ್ನೂ ಇವೆ ತಾನೆ? ತೆರೆಯಬೇಡಿ, ಹೆಸರು ಕಾಣುವ ಹಾಗೆ ಒಂದೊಂದರದ್ದೂ ಫೋಟೋ ತೆಗೆಯಿರಿ. ಇನ್ನು ಮುಂದೆ ಬಂದರೆ 'ಈ ವಿಳಾಸದಲ್ಲಿಲ್ಲ' ಅಂತ ಬರೆದು ಅವತ್ತೇ ಪೋಸ್ಟ್ ಡಬ್ಬಕ್ಕೆ ಹಾಕಿ.