ಓದುಗರ ಪ್ರಶ್ನೆ: ಬ್ಲಾಗಿನ ಬಗೆ, ಬಳಗದ ಬಗೆ

ಪ್ರಶ್ನೆ: ಪುಸ್ತಕ, ಪ್ರವಾಸ, ಫೋಟೊಗ್ರಫಿ ಮೂರರ ಬಗ್ಗೆಯೂ ಬರೆಯುವ ಆಸೆ. ಒಂದೇ ಬ್ಲಾಗ್ ಸಾಕೇ, ಮೂರು ಬೇಕೇ?

ಉತ್ತರ: ಶುರುವಿಗೆ ಒಂದೇ ಸಾಕು. ಆದರೆ ವಿಷಯ ಯಾವುದು ಎನ್ನುವುದಕ್ಕಿಂತ, ಓದುಗರು ಏನನ್ನು ಹುಡುಕಿಕೊಂಡು ಬರುತ್ತಾರೆ ಎಂಬುದರ ಮೇಲೆ ಬ್ಲಾಗಿನ ಬಗೆ ನಿಂತಿದೆ. ದಿನಚರಿಯಂಥ ಬ್ಲಾಗಿಗೆ ಜನ ಬರುವುದು ಬರೆಯುವವರ ಮೇಲಿನ ಅಕ್ಕರೆಯಿಂದ. 1999ರಲ್ಲಿ ಶುರುವಾದ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣದಲ್ಲಿ ಬರಹವನ್ನು ಗೆಳೆಯರ ಪಟ್ಟಿಗೆ ಮಾತ್ರ ಕಾಣಿಸುವ ಸೌಲಭ್ಯ ಇತ್ತು. ಮನಬಿಚ್ಚಿ ಮಾತಾಡುವ ಸಣ್ಣ ಬಳಗಗಳು ಅಲ್ಲಿ ಬೆಳೆಯಲು ಅದೇ ಅನುಕೂಲವಾಯಿತು. ‘ಹೀಗೆ ಮಾಡಿ’ ಎಂದು ಕಲಿಸುವ ಬ್ಲಾಗಿಗೆ ಬರುವವರು ಗೂಗಲ್‌ನಲ್ಲಿ ಹುಡುಕಿ ಬರುತ್ತಾರೆ, ಕೆಲಸ ಆದೊಡನೆ ಹೊರಡುತ್ತಾರೆ. ಅಂಥಲ್ಲಿ ಸಂದೇಹ ಕೇಳಿದವರಿಗೆ ಉತ್ತರ ಸಿಕ್ಕರೆ ಮಾತ್ರ ಮತ್ತೆ ಬಂದಾರು. ಇನ್ನೊಂದು ಬಗೆ ಕೊಂಡಿಗಳ ಬ್ಲಾಗ್, ಎಲ್ಲಕ್ಕಿಂತ ಹಳೆಯದು. 1997ರಲ್ಲಿ ಜಾರ್ನ್ ಬಾರ್ಗರ್ ‘ವೆಬ್‌ಲಾಗ್’ ಎಂದು ಕರೆದದ್ದು, ತಾವು ಓದಿದ ಪುಟಗಳ ಕೊಂಡಿಗಳನ್ನು ದಾಖಲಿಸುತ್ತಿದ್ದ ತಮ್ಮ ತಾಣವನ್ನೇ. ಕೊಂಡಿಗಳ ಬ್ಲಾಗಿನ ಬಳಗದಲ್ಲಿ ಹೆಚ್ಚಿನವರು ಬ್ಲಾಗ್ ಬರೆಯುವವರೇ. ಹಲವರು ಸೇರಿ ಬರೆಯುವುದಾದರೆ, ಯಾರ ಬರಹ ಯಾವಾಗ ಎಂದು ನೋಡಿಕೊಳ್ಳಲು ಒಬ್ಬರಾದರೂ ಇರಲೇಬೇಕು.

ನಿಮ್ಮ ಮೂರು ವಿಷಯಗಳನ್ನು ಮೂರು ವಿಭಾಗಗಳಾಗಿ ಮಾಡಿ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ಫೀಡ್ (ಹೊಸ ಬರಹಗಳನ್ನು ಚಂದಾದಾರರಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ವ್ಯವಸ್ಥೆ) ಇರುವುದರಿಂದ, ಪುಸ್ತಕ ಮಾತ್ರ ಬೇಕಾದವರು ಅದೊಂದಕ್ಕೇ ಚಂದಾದಾರರಾಗಬಹುದು. ಎರಡು ವಿಭಾಗಗಳಲ್ಲಿ ಕಾಮೆಂಟ್ ಮಾಡುವವರ ಹೆಸರುಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ ಎಂದು ಕಂಡ ದಿನ ಬೇರೆ ಬ್ಲಾಗಿನ ಯೋಚನೆ ಮಾಡಿ.

ಪ್ರಶ್ನೆ: ಓದುವವರ ಸಂಖ್ಯೆ ಚೆನ್ನಾಗಿಯೇ ಇದೆ. ಕಾಮೆಂಟ್ ಮಾತ್ರ ಬರುವುದಿಲ್ಲ. ಏಕೆ?

ಉತ್ತರ: ಮೊದಲು ಮೊಬೈಲ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಲಾಗಿನ್ ಆಗದೆ, ನಿಮ್ಮ ಬ್ಲಾಗಿಗೆ ನೀವೇ ಒಂದು ಕಾಮೆಂಟ್ ಹಾಕಿ ನೋಡಿ. ‘ನೋಂದಾಯಿಸಿದವರು ಮಾತ್ರ’ ಎಂಬ ಸೆಟ್ಟಿಂಗ್ ಆನ್ ಆಗಿರುವುದು ಬ್ಲಾಗಿನ ಒಡೆಯರಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಅವರು ಯಾವಾಗಲೂ ಲಾಗಿನ್ ಆಗಿಯೇ ಇರುತ್ತಾರೆ. ಎರಡು ಸಾಲು ಬರೆಯಲು ಖಾತೆ ತೆರೆಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಇನ್ನು ಅನುಮೋದನೆ. ಪ್ರತಿ ಕಾಮೆಂಟನ್ನೂ ತಡೆದು ನೋಡುವುದು ಬೇಡ, ಎಲ್ಲವನ್ನೂ ಹಾಗೇ ಬಿಡುವುದೂ ಬೇಡ. ವರ್ಡ್‌ಪ್ರೆಸ್‌ನ ‘ಡಿಸ್ಕಷನ್’ ಸೆಟ್ಟಿಂಗ್ಸ್‌ನಲ್ಲಿ ನಡುವಿನ ದಾರಿಯೊಂದಿದೆ: ಒಮ್ಮೆ ಅನುಮೋದನೆ ಪಡೆದವರ ಮುಂದಿನ ಕಾಮೆಂಟ್‌ಗಳು ನೇರವಾಗಿ ಕಾಣಿಸುತ್ತವೆ. ಹೊಸಬರನ್ನು ನೀವು ಒಮ್ಮೆ ನೋಡಿದಂತಾಯಿತು, ಹಳಬರು ಕಾಯುವುದೂ ತಪ್ಪಿತು.

ಉತ್ತರ ಬಂದದ್ದು ಓದುಗರಿಗೆ ತಿಳಿಯುತ್ತದೆಯೇ ಎಂಬುದು ಇನ್ನೂ ಮುಖ್ಯ. ಕಾಮೆಂಟ್ ಬಂದರೆ ಲೇಖಕರಿಗೆ ವರ್ಡ್‌ಪ್ರೆಸ್ ಮೇಲ್ ಕಳಿಸುತ್ತದೆ. ನೀವು ಉತ್ತರಿಸಿದರೆ ಕಾಮೆಂಟ್ ಮಾಡಿದವರಿಗೆ ಅದು ತಾನಾಗಿ ಹೇಳುವುದಿಲ್ಲ. ಅದಕ್ಕೊಂದು ಪ್ಲಗಿನ್ (ಹೆಚ್ಚಿನ ಸೌಲಭ್ಯ ಜೋಡಿಸುವ ಪುಟ್ಟ ತಂತ್ರಾಂಶ) ಬೇಕು. ಎಷ್ಟೋ ಮಾತುಕತೆಗಳು ಎರಡನೇ ಸಾಲಿಗೇ ನಿಲ್ಲುವುದು ಇಲ್ಲೇ. ಉತ್ತರದೊಳಗೆ ಉತ್ತರ 5 ಹಂತದವರೆಗೆ ಹೋಗುವುದು ಅಲ್ಲಿನ ಮೂಲ ವ್ಯವಸ್ಥೆ. ಫೋನಿನಲ್ಲಿ ಐದನೇ ಹಂತದ ಸಾಲಿಗೆ ಒಂದೆರಡು ಪದ ಹಿಡಿದರೆ ಹೆಚ್ಚು. ಅದನ್ನು 2 ಅಥವಾ 3ಕ್ಕೆ ಇಳಿಸಿ.

ಬರಹದ ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ. ಒಂದೇ ವಾಕ್ಯದಲ್ಲಿ ಉತ್ತರಿಸಬಹುದಾದ ಪ್ರಶ್ನೆ ಕೇಳಿ: ‘ಅರ್ಧಕ್ಕೇ ಬಿಟ್ಟ ಪುಸ್ತಕವನ್ನು ಎಷ್ಟನೇ ಪುಟದಲ್ಲಿ ಬಿಟ್ಟಿರಿ?’ ಒಳ್ಳೆಯ ಕಾಮೆಂಟ್ ಬಂದರೆ ಅದನ್ನೇ ಮುಂದಿನ ಬರಹಕ್ಕೆ ವಸ್ತು ಮಾಡಿಕೊಂಡು, ಬರೆದವರ ಹೆಸರು ಹೇಳಿ, ಆ ಕಾಮೆಂಟಿಗೇ ಕೊಂಡಿ ಕೊಡಿ. ತನ್ನ ಮಾತಿಗೆ ಇಲ್ಲಿ ಬೆಲೆಯಿದೆ ಎಂದು ಗೊತ್ತಾದವರು ಮತ್ತೆ ಬರುತ್ತಾರೆ; ಬಳಗ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಪ್ರಶ್ನೆ: ಸ್ಪಾಮ್ ಕಾಟ ವಿಪರೀತ. ಜೊತೆಗೆ ಒಬ್ಬರು ಎಲ್ಲರ ಮೇಲೂ ಹರಿಹಾಯುತ್ತಾರೆ. ಕಾಮೆಂಟ್ ಮುಚ್ಚಿಬಿಡಲೇ?

ಉತ್ತರ: ಮುಚ್ಚಬೇಡಿ. ಇವೆರಡೂ ಬೇರೆ ಬೇರೆ ರೋಗ.

ಸ್ಪಾಮ್ ಹಾಕುವವರಿಗೆ ಬೇಕಾದದ್ದು ಕೊಂಡಿ. ಕಾಮೆಂಟ್‌ನಲ್ಲಿನ ಕೊಂಡಿಗಳಿಗೆ ಸರ್ಚ್ ಎಂಜಿನ್‌ಗಳು ಬೆಲೆ ಕೊಡದಿರಲೆಂದು 2005ರಲ್ಲಿ ‘ನೋಫಾಲೋ’ ಗುರುತು ಬಂತು. ಆದರೆ ಸ್ಪಾಮ್ ಕಳಿಸುವ ಬಾಟ್‌ಗಳು (ತಾವಾಗಿ ಓಡುವ ತಂತ್ರಾಂಶಗಳು) ಅದನ್ನೆಲ್ಲ ನೋಡುತ್ತ ಕೂರುವುದಿಲ್ಲ. ಅಕಿಸ್ಮೆಟ್‌ನಂಥ ಸೋಸುವ ಪ್ಲಗಿನ್ ಹಾಕಿ. ಎರಡು ಕೊಂಡಿ ಇದ್ದರೆ ತಡೆಹಿಡಿಯುವುದು ವರ್ಡ್‌ಪ್ರೆಸ್‌ನ ಮೂಲ ಸೆಟ್ಟಿಂಗ್; ಅದನ್ನು ಒಂದಕ್ಕೆ ಇಳಿಸಿ. ಸ್ಪಾಮ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡಿ, ಒಳ್ಳೆಯ ಕಾಮೆಂಟ್‌ಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಹಳೆಯ ಬರಹಗಳಿಗೆ ಕಾಮೆಂಟ್ ತಾನಾಗಿ ಮುಚ್ಚುವ ಸೌಲಭ್ಯವೂ ಇದೆ. ಸುದ್ದಿ ಬ್ಲಾಗಿಗೆ ಅದು ಸರಿ. ಕಲಿಸುವ ಬ್ಲಾಗಿಗೆ ಬೇಡ, ಅಲ್ಲಿ ಎರಡು ವರ್ಷದ ಹಿಂದಿನ ಬರಹಕ್ಕೂ ಹೊಸ ಸಂದೇಹ ಬರುತ್ತದೆ.

ಹರಿಹಾಯುವವರ ವಿಷಯದಲ್ಲಿ, ನಿಯಮಗಳನ್ನು ನಾಲ್ಕೈದು ಸಾಲಿನಲ್ಲಿ ಬರೆದು ಕಾಮೆಂಟ್ ಪೆಟ್ಟಿಗೆಯ ಮೇಲೆಯೇ ಇಡಿ. ವಿಷಯದ ಟೀಕೆ ಎಷ್ಟೇ ಖಾರವಾಗಿರಲಿ, ಇರಲಿ. ವ್ಯಕ್ತಿನಿಂದೆಯ ಸಾಲನ್ನು ತೆಗೆಯಿರಿ. ಇಡೀ ಕಾಮೆಂಟನ್ನು ಅಳಿಸಿದರೆ ಅದಕ್ಕೆ ಬಂದ ಉತ್ತರಗಳಿಗೆ ತಲೆಬುಡ ಇಲ್ಲದಂತಾಗುತ್ತದೆ. ಆ ಸಾಲಿನ ಜಾಗದಲ್ಲಿ ‘ನಿಂದನೆಯ ಮಾತು ತೆಗೆಯಲಾಗಿದೆ’ ಎಂದು ಬರೆಯುವುದು ಮೇಲು. ಒಮ್ಮೆ ಖಾಸಗಿ ಮೇಲ್‌ನಲ್ಲಿ ಎಚ್ಚರಿಸಿ. ಆಮೇಲೂ ಬದಲಾಗದಿದ್ದರೆ ನಿರ್ಬಂಧಿಸಿ. ಒಬ್ಬರ ಮೇಲಿನ ದಾಕ್ಷಿಣ್ಯಕ್ಕೆ ಮೆಲುದನಿಯ ಹತ್ತು ಜನರನ್ನು ಕಳೆದುಕೊಳ್ಳುವುದು ಅನ್ಯಾಯ.

ಪ್ರಶ್ನೆ: ಈಗಲೂ ಆರ್‌ಎಸ್‌ಎಸ್ ಫೀಡ್ ಬೇಕೇ?

ಉತ್ತರ: ಬೇಕು. 2013ರ ಜುಲೈ 1ರಂದು ಫೀಡ್ ಓದುವ ತಾಣವಾಗಿದ್ದ ಗೂಗಲ್ ರೀಡರ್ ಮುಚ್ಚಿದ ಮೇಲೆ ಬಳಕೆ ಇಳಿದದ್ದು ನಿಜ. ಆದರೂ ಫೀಡ್ ಓದುಗರು ನಿಷ್ಠೆಯ ಓದುಗರು, ಯಾವ ಅಲ್ಗಾರಿದಮ್ಮೂ ನಡುವೆ ಬಾರದೆ ಬರಹ ಅವರನ್ನು ಮುಟ್ಟುತ್ತದೆ. ತುಣುಕಿನ ಬದಲು ಪೂರ್ತಿ ಬರಹವನ್ನೇ ಫೀಡ್‌ನಲ್ಲಿ ಕೊಡಿ. ಇಮೇಲ್ ಪಟ್ಟಿಯನ್ನೂ ಬೆಳೆಸಿ. ಸೇರುವವರು ತಮಗೆ ಬಂದ ಮೇಲ್‌ನ ಕೊಂಡಿ ಒತ್ತಿ ಖಚಿತಪಡಿಸುವ ಕ್ರಮವಿರಲಿ, ಇಲ್ಲವಾದರೆ ತಪ್ಪು ವಿಳಾಸಗಳು ತುಂಬಿ ನಿಮ್ಮ ಮೇಲ್‌ಗಳೇ ಸ್ಪಾಮ್ ಪಾಲಾಗುತ್ತವೆ. ಪಟ್ಟಿಯನ್ನು ಆಗಾಗ ಇಳಿಸಿಟ್ಟುಕೊಳ್ಳಿ.

ಪ್ರಶ್ನೆ: ಕನ್ನಡ ಶೀರ್ಷಿಕೆ ಕೊಟ್ಟರೆ ಕೊಂಡಿ ವಿಚಿತ್ರವಾಗುತ್ತದೆ. ಹಂಚಿಕೊಳ್ಳಲು ಮುಜುಗರ.

ಉತ್ತರ: ಯೂನಿಕೋಡ್‌ನ ಪ್ರತಿ ಕನ್ನಡ ಅಕ್ಷರ, ಗುಣಿತದ ಚಿಹ್ನೆ ಎಲ್ಲವೂ ವಿಳಾಸದಲ್ಲಿ ಶೇಕಡಾ ಗುರುತುಗಳ ಸಮೇತ 9 ಸಂಕೇತಗಳಾಗುತ್ತವೆ. ವರ್ಡ್‌ಪ್ರೆಸ್ 200 ಸಂಕೇತಕ್ಕೆ ಕತ್ತರಿಸುವುದರಿಂದ 22 ಚಿಹ್ನೆಗಳಾಚೆಗಿನ ಶೀರ್ಷಿಕೆ ಉಳಿಯುವುದಿಲ್ಲ. ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್ ಕನ್ನಡವನ್ನು ಪೂರ್ತಿ ಕೈಬಿಟ್ಟು ‘ಬ್ಲಾಗ್-ಪೋಸ್ಟ್’ ಎಂದು ಇಂಗ್ಲಿಷಿನಲ್ಲಿ ಹೆಸರಿಡುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ಜಾಗದಲ್ಲಿ ಮೂರು ನಾಲ್ಕು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆಯಿರಿ. ಬ್ಲಾಗರ್‌ನಲ್ಲಿ ಪ್ರಕಟವಾದ ಬರಹದ ಕೊಂಡಿ ಬದಲಿಸಬೇಕೆಂದರೆ ಅದನ್ನು ಮತ್ತೆ ಡ್ರಾಫ್ಟ್‌ಗೆ ತರಬೇಕಾಗುತ್ತದೆ, ಅಷ್ಟರಲ್ಲಿ ಹಂಚಿಕೆಯಾದ ಹಳೆಯ ಕೊಂಡಿಗಳೆಲ್ಲ ಕೆಡುತ್ತವೆ.