ಗಟ್ಟಿಮೇಳಕ್ಕೆ ನೆಲಕ್ಕೆ ಬಿದ್ದ ಹುಡುಗ ಮತ್ತು ನಮ್ಮೂರುಗಳ ಸದ್ದು

ಓದುಗರ ಪತ್ರ: ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮೆದುಳಿನ ಬೆಳವಣಿಗೆ ಬೇರೆ ಥರ ಅಂತ ನಾಲ್ಕನೇ ವಯಸ್ಸಿನಲ್ಲಿ ಗೊತ್ತಾಯಿತು. ಮಾತು ಕಡಿಮೆ. ಈಗ ನಗುತ್ತಿದ್ದವನು ಇನ್ನೊಂದು ಗಳಿಗೆಗೆ ಕಿರುಚುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ, ಹತ್ತಿರ ಹೋದರೆ ನನ್ನನ್ನೂ ಹೊಡೆಯುತ್ತಾನೆ. ಮೊನ್ನೆ ನಾದಿನಿಯ ಮದುವೆಯಲ್ಲಿ ಗಟ್ಟಿಮೇಳ ಶುರುವಾದ ಕೂಡಲೇ ನೆಲಕ್ಕೆ ಬಿದ್ದು ಹೊರಳಾಡಿದ. ಅಕ್ಷತೆ ಕೈಯಲ್ಲೇ ಇತ್ತು, ಅವನನ್ನು ಎತ್ತಿಕೊಂಡು ಹೊರಗೆ ಓಡಿದೆ. ಮುದ್ದು ಮಾಡಿ ಕೆಡಿಸಿದ್ದೀಯ ಅಂತ ಅತ್ತೆ ಅಂದರು. ಎರಡು ಬಿಗಿದರೆ ಸರಿಹೋಗ್ತಾನೆ ಅನ್ನುತ್ತಾರೆ ಭಾವ. ಗಲಾಟೆ ಕಡಿಮೆ ಆಗುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಶಾಲೆಯವರು. ನಾನು ಇನ್ನೂ ಬಿಗಿಯಾಗಿ ಇರಬೇಕಾ? ಇದಕ್ಕೆ ಮಾತ್ರೆ ಏನಾದರೂ ಇದೆಯಾ?
– ಹೆಸರು ಬೇಡ ಎಂದಿರುವ ತಾಯಿ, ತಿಪಟೂರು ಕಡೆಯವರು

ಸಂಪಾದಕರ ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎಲ್ಲರೂ ಮಾತಾಡಿದ್ದಾರೆ. ಅತ್ತೆ, ಭಾವ, ಮೇಷ್ಟ್ರು. ಮಾತಾಡದೆ ಇರುವವನು ಮಗ ಒಬ್ಬನೇ. ಆದರೆ ಛತ್ರದಲ್ಲಿ ನೆಲಕ್ಕೆ ಬಿದ್ದು ಅವನು ಹೇಳಿದ್ದು ಬಹಳ ಸ್ಪಷ್ಟವಾಗಿದೆ. ಈ ಸದ್ದು ನನ್ನ ಕೈಲಿ ತಡೆಯೋಕೆ ಆಗಲ್ಲ ಅಂತ. ನೀವು ಅದನ್ನು ಕೇಳಿಸಿಕೊಂಡು ಹೊರಗೆ ಕರೆದುಕೊಂಡು ಹೋದಿರಿ. ಅವತ್ತು ಆ ಛತ್ರದಲ್ಲಿ ಸರಿಯಾದ ಕೆಲಸ ಮಾಡಿದ್ದು ನೀವೇ. ಅಕ್ಷತೆ ಹಾಕಲಿಲ್ಲ ಅಂತ ಕೊರಗಬೇಡಿ. ನಾದಿನಿ ಚೆನ್ನಾಗಿರುತ್ತಾರೆ.

ನಿಮ್ಮ ಭಾವನವರ ಮಾತಿಗೂ ಒಂದು ಉತ್ತರ ಕೊಟ್ಟುಬಿಡುತ್ತೇನೆ. ಮಕ್ಕಳಿಗೆ ಒಂದು ಶಿಸ್ತು, ಒಂದು ಗಡಿ ಬೇಕು. ಆಟಿಸಂ ಇರುವ ಮಕ್ಕಳಿಗಂತೂ ಇವತ್ತು ಇದ್ದ ನಿಯಮ ನಾಳೆಯೂ ಇರಬೇಕು. ತಟ್ಟೆ ಎಸೆಯಬಾರದು, ತಂಗಿಯನ್ನು ಹೊಡೆಯಬಾರದು ಅನ್ನುವುದನ್ನು ಅವರಿಗೂ ಕಲಿಸಬೇಕು. ಅಷ್ಟು ಮಾತ್ರ ಒಪ್ಪುತ್ತೇನೆ. ಹೊಡೆತವನ್ನು ಒಪ್ಪುವುದಿಲ್ಲ.

ಯಾಕೆ ಅಂದರೆ ಹಟ ಬೇರೆ, ಇದು ಬೇರೆ. ಅಂಗಡಿ ಮುಂದೆ ಚಾಕೊಲೇಟ್‌ಗೆ ರಂಪ ಮಾಡುವ ಮಗುವನ್ನು ನೋಡಿ. ಅಳುತ್ತಲೇ ಒಂದು ಕಣ್ಣು ನಿಮ್ಮ ಮೇಲೆ ಇಟ್ಟಿರುತ್ತದೆ. ನೀವು ಆ ಕಡೆ ಹೋದರೆ ಅಳು ಕಡಿಮೆ. ಚಾಕೊಲೇಟ್ ಕೈಗೆ ಬಂದರೆ ಅಳು ಮಾಯ. ನಿಮ್ಮ ಮಗ ಕೈ ಕಚ್ಚಿಕೊಳ್ಳುವಾಗ ಯಾರಾದರೂ ನೋಡುತ್ತಿದ್ದಾರಾ ಅಂತ ನೋಡುತ್ತಾನಾ? ಕೇಳಿದ್ದನ್ನು ಕೊಟ್ಟರೆ ನಿಲ್ಲುತ್ತಾ? ಇಲ್ಲ ಅಲ್ವಾ? ಇದನ್ನೇ ಡಾಕ್ಟರುಗಳು, ಥೆರಪಿಸ್ಟ್‌ಗಳು ಮೆಲ್ಟ್‌ಡೌನ್ ಅನ್ನುತ್ತಾರೆ. ತಲೆಯೊಳಗೆ ಹೋಗುವ ಸದ್ದು, ಬೆಳಕು, ವಾಸನೆ, ಜನ, ಗಾಬರಿ ಎಲ್ಲವೂ ಸೇರಿ ಅವನ ಶಕ್ತಿ ಮೀರಿದ ಸ್ಥಿತಿ ಅದು. ಹಾಲು ಉಕ್ಕಿ ಒಲೆ ಮೇಲೆ ಚೆಲ್ಲಿದ್ದು ಎಲ್ಲರಿಗೂ ಕಾಣುತ್ತದೆ. ಕೆಳಗೆ ಉರಿ ಎಷ್ಟು ಹೊತ್ತಿನಿಂದ ಜಾಸ್ತಿ ಇತ್ತು ಅಂತ ಯಾರೂ ನೋಡುವುದಿಲ್ಲ. ನೀವು ಬರೆದ 'ಈಗ ನಗು, ಇನ್ನೊಂದು ಗಳಿಗೆಗೆ ಕಿರುಚಾಟ' ಕೂಡ ಬಹಳ ಸಲ ಹಾಗೇ. ಕೆಲವು ಮಕ್ಕಳು ಗಾಬರಿಯಾದಾಗಲೂ ನಗುತ್ತಾರೆ. ಆ ನಗು ಸಂತೋಷದ್ದೇ ಇರಬೇಕು ಅಂತಿಲ್ಲ.

ಸದ್ದಿನ ವಿಷಯ ಹೊಸದಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಅನ್ನುವ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಇವತ್ತು ನಾವು ಆಟಿಸಂ ಅನ್ನುವುದರ ಚಿತ್ರ ಶುರುವಾಗುವುದೇ ಅಲ್ಲಿಂದ. ಈ ಮಕ್ಕಳು ಯಾವುದಕ್ಕೆಲ್ಲ ಬೆಚ್ಚುತ್ತಿದ್ದರು ಅಂತ ಅವರು ಅದರಲ್ಲಿ ಬರೆದಿದ್ದಾರೆ. ಕಸ ಗುಡಿಸುವ ಯಂತ್ರ, ಲಿಫ್ಟ್, ನಲ್ಲಿಯ ನೀರು, ಗ್ಯಾಸ್ ಒಲೆ, ಮೊಟ್ಟೆ ಕಡೆಯುವ ಸಾಧನ, ಕೊನೆಗೆ ಗಾಳಿಯ ಸದ್ದು ಕೂಡ. ಇನ್ನೊಂದು ಮಾತನ್ನೂ ಗಮನಿಸಿದ್ದರು. ಅದೇ ಮಗು ತಾನೇ ಸದ್ದು ಮಾಡುವಾಗ ಖುಷಿಯಾಗಿರುತ್ತದೆ, ಕೇಳದೆ ಮೇಲೆ ಬೀಳುವ ಸದ್ದು ಮಾತ್ರ ಅದನ್ನು ಒಡೆದು ಹಾಕುತ್ತದೆ. 'ತಾನು ಡಬ್ಬ ಬಡಿದರೆ ಪರವಾಗಿಲ್ಲ, ನಾವು ಮಿಕ್ಸಿ ಹಾಕಿದರೆ ರಚ್ಚೆ' ಅಂತ ಮನೆಯವರು ದೂರುತ್ತಾರಲ್ಲ, ಅದರ ವಿವರ ಅಷ್ಟು ಹಿಂದೆಯೇ ಸಿಕ್ಕಿತ್ತು. ಆದರೂ ಸದ್ದು, ಬೆಳಕು, ಸ್ಪರ್ಶಕ್ಕೆ ಈ ಮಕ್ಕಳು ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂನ ಲಕ್ಷಣವಾಗಿ ಸ್ಪಷ್ಟವಾಗಿ ಸೇರಿದ್ದು 2013ರಲ್ಲಿ. ಎಪ್ಪತ್ತು ವರ್ಷ! ಅಷ್ಟು ವರ್ಷ ಎಷ್ಟು ಮಕ್ಕಳು ಕಿವಿ ಮುಚ್ಚಿಕೊಂಡಿದ್ದಕ್ಕೆ ಬೈಸಿಕೊಂಡಿರಬೇಡ?

ತಾಯಂದಿರು ಬೈಸಿಕೊಂಡ ಕಥೆಯಂತೂ ಇನ್ನೂ ದೊಡ್ಡದು. ತಂದೆ ತಾಯಿಗೆ ಪ್ರೀತಿ ಇಲ್ಲ, ಮನೆ ಫ್ರಿಜ್‌ನಂತೆ ತಣ್ಣಗಿದೆ, ಅದಕ್ಕೇ ಮಗು ಹೀಗೆ ಅಂತ ದೊಡ್ಡ ದೊಡ್ಡ ಪಂಡಿತರೇ ಹೇಳಿಕೊಂಡು ತಿರುಗಿದರು. ಹಾಗೆ ಬರೆದವರಲ್ಲಿ ಕ್ಯಾನರ್ ಕೂಡ ಒಬ್ಬರು. ಆ ಮಾತನ್ನು ಎದುರಿಸಿ 1964ರಲ್ಲಿ ಪುಸ್ತಕ ಬರೆದವರು ಬರ್ನಾರ್ಡ್ ರಿಮ್ಲ್ಯಾಂಡ್. ಅವರು ಮನಶ್ಶಾಸ್ತ್ರಜ್ಞರು, ಜೊತೆಗೆ ಆಟಿಸಂ ಇದ್ದ ಹುಡುಗನ ಅಪ್ಪ. ಇದು ಮೆದುಳಿನ ಬೆಳವಣಿಗೆಯ ವಿಷಯ, ತಾಯಿಯ ತಪ್ಪಲ್ಲ ಅಂತ ವಾದಿಸಿದರು. 1969ರಲ್ಲಿ ಕ್ಯಾನರ್ ಅವರೇ ಹೆತ್ತವರ ಸಭೆಯಲ್ಲಿ ನಿಂತು, ನಿಮ್ಮದೇನೂ ತಪ್ಪಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಆ ತೀರ್ಪು ಬಂದು ಐವತ್ತು ವರ್ಷದ ಮೇಲಾಯಿತು. ನಮ್ಮ ಅಡುಗೆಮನೆಗಳಿಗೆ ಇನ್ನೂ ಮುಟ್ಟಿಲ್ಲ. ಆಗ ತಣ್ಣಗಿನ ತಾಯಿ ಅಂದರು, ಈಗ ಮುದ್ದು ಜಾಸ್ತಿ ಮಾಡಿದ ತಾಯಿ ಅನ್ನುತ್ತಾರೆ, ಮೊಬೈಲ್ ಕೊಟ್ಟ ತಾಯಿ ಅನ್ನುತ್ತಾರೆ. ಕಾರಣ ಬದಲಾಗುತ್ತದೆ, ಬೈಸಿಕೊಳ್ಳುವವಳು ಬದಲಾಗುವುದಿಲ್ಲ. ನಿಮ್ಮ ಅತ್ತೆಗೆ ಈ ಪುಟವನ್ನು ಓದಿ ಹೇಳಿ. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಯಾರೂ ಕೂತು ಹೇಳಿಲ್ಲ, ಅಷ್ಟೇ.

ನಮ್ಮ ಬೀದಿಯಲ್ಲಿ ಒಂದು ಮನೆ ಇದೆ. ಅಲ್ಲಿನ ಹುಡುಗಿಗೂ ಆಟಿಸಂ. ಬೆಳಿಗ್ಗೆ ಎಂಟರ ಸುಮಾರಿಗೆ ಅವಳ ಅಳು ಶುರು. ಸ್ಕೂಲಿಗೆ ಹೋಗದಿರಲು ಕಳ್ಳಬುದ್ಧಿ ಅಂದುಕೊಂಡಿದ್ದರು. ಅವಳ ಅಜ್ಜಿ ಒಂದು ದಿನ ಗಮನಿಸಿದರು. ಅಳು ಶುರುವಾಗುವುದು ಕುಕ್ಕರ್ ಒಲೆಗೆ ಏರಿದಾಗ, ವಿಸಿಲ್ ಬರುವುದಕ್ಕೂ ಮುಂಚೆ. ಆವಿ ಸಣ್ಣಗೆ ಬುಸುಗುಡಲು ತೊಡಗಿದ ಕೂಡಲೇ ಮಗುವಿಗೆ ಗೊತ್ತಾಗುತ್ತಿತ್ತು, ಒಂದು ಸದ್ದು ಬರಲಿದೆ, ಯಾವ ಕ್ಷಣದಲ್ಲಿ ಅಂತ ಮಾತ್ರ ಗೊತ್ತಿಲ್ಲ. ಆ ಕಾಯುವಿಕೆಯೇ ಅವಳಿಗೆ ಹಿಂಸೆ. ಅಜ್ಜಿ ಅನ್ನವನ್ನು ಬಸಿಯಲು ಶುರು ಮಾಡಿದರು. ಬೇಳೆಗೆ ಕುಕ್ಕರ್ ಇಡುವುದನ್ನು ಅವಳು ಸ್ಕೂಲಿಗೆ ಹೋದ ಮೇಲೆ ಇಟ್ಟುಕೊಂಡರು. ರಜೆಯ ದಿನ ಇಡಲೇಬೇಕಾದರೆ ಮೂರು ಬೆರಳು ತೋರಿಸುತ್ತಾರೆ. ಒಂದು ವಿಸಿಲ್ ಆದರೆ ಒಂದು ಬೆರಳು ಮಡಚುತ್ತಾರೆ. ಈಗ ಆ ಹುಡುಗಿ ಕಿವಿ ಮುಚ್ಚಿಕೊಂಡು, ಬೆರಳನ್ನೇ ನೋಡುತ್ತಾ ನಿಲ್ಲುತ್ತಾಳೆ. ಅಳುವುದಿಲ್ಲ. ಆ ಅಜ್ಜಿ ಓದಿದ್ದು ನಾಲ್ಕನೇ ಇಯತ್ತೆ. ಇಂಥ ಕೆಲಸ ಮಾಡಿದವರಿಗೆ ನಾನು ಕೈ ಮುಗಿಯುತ್ತೇನೆ.

ಆದ್ದರಿಂದ ನೀವು ಮೊದಲು ಮಾಡಬೇಕಾದ್ದು ಒಂದು ನೋಟ್‌ಬುಕ್ ಇಡುವುದು. ಕಿರುಚಾಟ ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯಿತು, ಯಾರಿದ್ದರು, ಏನು ತಿಂದಿದ್ದ, ರಾತ್ರಿ ನಿದ್ದೆ ಹೇಗಿತ್ತು, ಎರಡಕ್ಕೆ ಹೋಗಿ ಎಷ್ಟು ದಿನ ಆಯಿತು, ಆಮೇಲೆ ಹೇಗೆ ನಿಂತಿತು. ಎರಡು ಮೂರು ವಾರ ಬರೆಯಿರಿ. ಒಂದು ಜಾಡು ಕಾಣುತ್ತದೆ. ನಿದ್ದೆ ಮತ್ತು ಹೊಟ್ಟೆಯನ್ನು ಬೇಕೆಂದೇ ಸೇರಿಸಿದ್ದೇನೆ. ಈ ಮಕ್ಕಳಲ್ಲಿ ನಿದ್ದೆಯ ತೊಂದರೆ, ಮಲಬದ್ಧತೆ ಎರಡೂ ಬಹಳ ಸಾಮಾನ್ಯ. ಮಾತು ಬಾರದ ಮಗು ಹೊಟ್ಟೆನೋವನ್ನು ಹೇಗೆ ಹೇಳಬೇಕು? ನಮಗೆ ಗೊತ್ತಿರುವ ಇನ್ನೊಂದು ಹುಡುಗ ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳಲು ಶುರು ಮಾಡಿದ. ಮೂಡ್ ಸರಿ ಇಲ್ಲ ಅಂದರು, ದೃಷ್ಟಿ ಅಂದರು, ಯಂತ್ರ ಕಟ್ಟಿಸಿದರು. ಕೊನೆಗೆ ಹಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲು ಬೇರಿನವರೆಗೆ ಹುಳುಕಾಗಿತ್ತು. ಸ್ವಭಾವ ಹಠಾತ್ತಾಗಿ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ. ನಡುವೆ ಒಂದೆರಡು ಕ್ಷಣ ದಿಟ್ಟಿಸಿ ನಿಂತುಬಿಡುವುದು, ಕೈಕಾಲು ಅದುರುವುದು ಕಂಡರೆ ಅದನ್ನೂ ಹೇಳಿ. ಆಟಿಸಂ ಜೊತೆಗೆ ಮೂರ್ಛೆರೋಗ ಇರುವ ಮಕ್ಕಳು ಕಡಿಮೆ ಏನಿಲ್ಲ.

ಕಿರುಚಾಟ ಶುರುವಾದಾಗ ಏನು ಮಾಡಬೇಕು? ಮಾತು ಕಡಿಮೆ ಮಾಡಿ. ಏನಾಯ್ತು, ಯಾಕೆ, ಸಾಕು ಸುಮ್ನಿರು, ಎಲ್ಲರೂ ನೋಡ್ತಾರೆ... ಈ ಮಾತುಗಳೂ ಅವನಿಗೆ ಸದ್ದೇ. ಟಿವಿ ಆರಿಸಿ, ಸಾಧ್ಯವಾದರೆ ಲೈಟೂ ಆರಿಸಿ. ಸುತ್ತ ನಿಂತ ಜನರನ್ನು ಕಳಿಸಿ. ತಲೆಗೆ ಬಡಿಯುವಂಥದ್ದು ಪಕ್ಕಕ್ಕೆ ಸರಿಸಿ, ದಿಂಬು ಇಡಿ. ನೀವು ಸ್ವಲ್ಪ ದೂರದಲ್ಲಿ, ಪಕ್ಕಕ್ಕೆ ಕೂತುಕೊಳ್ಳಿ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಗಟ್ಟಿಯಾಗಿ ಅಪ್ಪಿಕೊಂಡರೆ ಕೆಲವು ಮಕ್ಕಳಿಗೆ ಸಮಾಧಾನ, ಕೆಲವರಿಗೆ ಮುಟ್ಟಿದರೇ ಬೆಂಕಿ. ನಿಮ್ಮ ಮಗ ಯಾವ ಬಗೆ ಅಂತ ನಿಮಗೇ ಗೊತ್ತು. ತಣ್ಣಗಾದ ಮೇಲೆ ನೀರು ಕೊಡಿ, ಮಲಗಲು ಬಿಡಿ. ಆಗ ಬುದ್ಧಿವಾದ ಬೇಡ. ಅವನು ಸುಸ್ತಾಗಿರುತ್ತಾನೆ, ನೀವೂ ಸುಸ್ತಾಗಿರುತ್ತೀರಿ.

ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಹೆಸರು ನೀವು ಕೇಳಿರಬಹುದು. ಆಟಿಸಂ ಇರುವ ವಿಜ್ಞಾನಿ ಅವರು, ದನಕರುಗಳ ಬಗ್ಗೆ ಕೆಲಸ ಮಾಡಿದವರು. ಮೂರು ವರ್ಷ ದಾಟಿದರೂ ಅವರಿಗೆ ಮಾತು ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯ ಗಂಟೆ ಬಾರಿಸಿದರೆ ಹಲ್ಲಿನ ಡಾಕ್ಟರ ಡ್ರಿಲ್ ನರಕ್ಕೆ ತಗುಲಿದಂತೆ ಆಗುತ್ತಿತ್ತು ಅಂತ ಅವರು ಬರೆದಿದ್ದಾರೆ. ನಮ್ಮ ನಿಮ್ಮ ಕಿವಿಗೆ ಅದು ಬರೀ ಗಂಟೆ. ಇನ್ನು ಗಟ್ಟಿಮೇಳ! ಡೋಲು, ನಾದಸ್ವರ ಒಂದೇ ಸಲ, ಅದಕ್ಕೆ ಮೈಕು ಬೇರೆ.

ಈಗ ಮಾತ್ರೆಯ ಪ್ರಶ್ನೆ. ಆಟಿಸಂ ಅನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಇದೆ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಆದರೆ ತೀರಾ ಸಿಡುಕು, ತನಗೇ ಗಾಯ ಮಾಡಿಕೊಳ್ಳುವುದು ಇದ್ದಾಗ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಅನ್ನುವ ಎರಡು ಔಷಧಿ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು ಈ ಕಾರಣಕ್ಕೇ ಮೊದಲನೆಯದಕ್ಕೆ 2006ರಲ್ಲಿ, ಎರಡನೆಯದಕ್ಕೆ 2009ರಲ್ಲಿ ಒಪ್ಪಿಗೆ ಕೊಟ್ಟರು. ಹಸಿವು, ತೂಕ ಏರಬಹುದು, ಮಂಪರು ಬರಬಹುದು. ಮನೋವೈದ್ಯರು ನೋಡಿ, ಅಳತೆ ಹಾಕಿ ಕೊಡಬೇಕು. ಯಾರದೋ ಮಗುವಿಗೆ ಕೊಟ್ಟ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವುದು ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಮಾತಿನ ವಿಷಯಕ್ಕೆ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ನೋಟ್‌ಬುಕ್ ತೆಗೆದುಕೊಂಡು ಹೋಗಿ. 'ಯಾವಾಗಲೂ ಕಿರುಚ್ತಾನೆ' ಅನ್ನುವುದಕ್ಕಿಂತ ಅದು ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಮಾತಿನ ಜೊತೆ ಚಿತ್ರದ ಕಾರ್ಡು ಕಲಿಸುವ ಬಗ್ಗೆಯೂ ಕೇಳಿ. 'ಸಾಕು', 'ನೋವು', 'ಹೊರಗೆ ಹೋಗೋಣ' ಅಂತ ಮೂರು ಚಿತ್ರ ಕೈಯಲ್ಲಿದ್ದರೆ ಕಚ್ಚುವ ಅಗತ್ಯ ಎಷ್ಟೋ ಸಲ ಬೀಳುವುದಿಲ್ಲ.

ಆದರೆ ತಾಯಿ, ಮನೆಯೊಳಗಿನ ಕುಕ್ಕರ್ ನಿಮ್ಮ ಕೈಯಲ್ಲಿದೆ. ಬೀದಿಯ ಸ್ಪೀಕರ್ ಯಾರ ಕೈಯಲ್ಲಿದೆ? ಇದು ನಾನು ವರ್ಷಗಳಿಂದ ಈ ಪುಟದಲ್ಲಿ ಬರೆಯುತ್ತಿರುವ ಮಾತು, ಮತ್ತೆ ಬರೆಯುತ್ತೇನೆ. ಶಬ್ದಮಾಲಿನ್ಯ ನಿಯಮ ಬಂದಿದ್ದು 2000ದಲ್ಲಿ. ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮೀರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲ ಮಾಡಬಹುದು. ನಮ್ಮೂರುಗಳಲ್ಲಿ ಆ ಹದಿನೈದು ದಿನ ಎಂದಾದರೂ ಮುಗಿದದ್ದು ಕಂಡಿದ್ದೀರಾ? ಉತ್ಸವಕ್ಕೆ ಡಿಜೆ, ಚುನಾವಣೆಗೆ ಆಟೊ ಮೇಲೆ ಹಾರ್ನ್ ಸ್ಪೀಕರ್, ಹುಟ್ಟುಹಬ್ಬಕ್ಕೆ ಪಟಾಕಿ. ಯಾವ ದೇವರ, ಯಾವ ಪಕ್ಷದ ಸ್ಪೀಕರ್ ಅನ್ನುವುದು ನನಗೆ ಮುಖ್ಯವಲ್ಲ. ಅದು ಹಾಸಿಗೆ ಹಿಡಿದ ಮುದುಕರಿಗೂ ಕೇಳುತ್ತದೆ, ಹಸುಗೂಸಿಗೂ ಕೇಳುತ್ತದೆ, ನಿಮ್ಮ ಮಗನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಕೇಳುತ್ತದೆ. ದೂರು ಕೊಟ್ಟರೆ 'ಒಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್' ಅನ್ನುತ್ತಾರೆ. ಅಡ್ಜಸ್ಟ್ ಮಾಡಿಕೊಳ್ಳಬೇಕಾದವನು ಯಾವಾಗಲೂ ಆ ಮಗುವೇ ಯಾಕೆ?

ಶಾಲೆಯವರ ಮಾತಂತೂ ನನಗೆ ಸಿಟ್ಟು ಬರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹೆಸರು ಹಿಡಿದೇ ಸೇರಿದೆ. ಮಾನ್ಯತೆ ಇರುವ ಶಾಲೆ ಈ ಮಗುವನ್ನು ಬೇರೆ ಮಾಡದೆ ಸೇರಿಸಿಕೊಳ್ಳಬೇಕು, ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಅನುಕೂಲ ಅಂದರೆ ಕೋಟಿ ಖರ್ಚಲ್ಲ. ಗಂಟೆಯಿಂದ ದೂರದ ಕೋಣೆ, ಗೋಡೆ ಪಕ್ಕದ ಬೆಂಚು, ಕಿವಿಗೆ ಹಾಕುವ ಮಫ್, ಪ್ರಾರ್ಥನೆ ಮೈಕಿನ ಹೊತ್ತಿಗೆ ಲೈಬ್ರರಿಯಲ್ಲಿ ಕೂರಲು ಅನುಮತಿ. ಮನೆಯಲ್ಲೇ ಇಟ್ಟುಕೊಳ್ಳಿ ಅಂದದ್ದನ್ನು ಬರೆದು ಕೊಡಿ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ. ಬಹಳ ಜನ ಬರೆದು ಕೊಡುವುದಿಲ್ಲ. ಆಗ ನೀವೇ ಬರೆಯಿರಿ, ಏನೇನು ಅನುಕೂಲ ಬೇಕು ಅಂತ ಒಂದು ಅರ್ಜಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕಳಿಸಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ, ಅರ್ಜಿಗೆ ಅದರ ಪ್ರತಿ ಲಗತ್ತಿಸಿ. ಒಂದು ಪ್ರತಿ ನಮಗೂ ಕಳಿಸಿ. ಹೆಸರು, ಊರು ತೆಗೆದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಇದೇ ಅರ್ಜಿ ಬರೆಯಬೇಕಾದ ತಾಯಂದಿರು ಇನ್ನೂ ಬಹಳ ಜನ ಇದ್ದಾರೆ.